ಪ್ರಸಾರವೂ ಪ್ರತಿಯೂ: ರೇಡಿಯೊ ಪಾಡ್‌ಕಾಸ್ಟ್‌ಗಳಲ್ಲಿ ಸಂಗೀತ ಪರವಾನಗಿಯ ಪ್ರಶ್ನೆ

1. ಪ್ರವೇಶ

2004ರಲ್ಲಿ ಬಿಬಿಸಿ ‘ಇನ್ ಅವರ್ ಟೈಮ್’ ಕಾರ್ಯಕ್ರಮವನ್ನು ಕೇಳುಗರು ಇಳಿಸಿಕೊಳ್ಳಬಹುದಾದ ಕಡತವಾಗಿ ಕೊಟ್ಟಿತು. ಅದು ವಿದ್ವಾಂಸರ ಮಾತುಕತೆ. ಹಾಡಿನ ಹಕ್ಕಿನ ಗೊಡವೆ ಅದಕ್ಕಿರಲಿಲ್ಲ. 1942ರಲ್ಲಿ ಆರಂಭವಾದ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ನ ಸಂಗತಿ ಬೇರೆ. ತಾನು ಆರಿಸಿದ ಎಂಟು ಧ್ವನಿಮುದ್ರಿಕೆಗಳ ಸುತ್ತ ಅತಿಥಿ ತನ್ನ ಬದುಕನ್ನು ಹೇಳಿಕೊಳ್ಳುವ ಆ ಕಾರ್ಯಕ್ರಮ ಪಾಡ್‌ಕಾಸ್ಟ್ ರೂಪ ತಳೆದಾಗ, ಹಕ್ಕುಗಳ ಕಾರಣಕ್ಕೆ ಹಾಡುಗಳು ಮೊಟಕಾದವು. ಇಂಥ ಕತ್ತರಿಪ್ರಯೋಗವನ್ನು ಹಣದ ಲೆಕ್ಕದಲ್ಲಿ ವಿವರಿಸುವುದು ವಾಡಿಕೆ. ತೊಡಕಿನ ಮೂಲ ದರದಲ್ಲಿಲ್ಲ, ಅನುಮತಿಯ ಸ್ವರೂಪದಲ್ಲಿದೆ ಎಂಬುದು ಈ ಲೇಖನದ ವಾದ.

2. ಕಾನೂನು ಕಂಡ ರೇಡಿಯೊ

ಹಾಡೊಂದರಲ್ಲಿ ಸಾಹಿತ್ಯ ಹಾಗೂ ಸ್ವರಸಂಯೋಜನೆಯ ಹಕ್ಕುಗಳು ಒಂದು ಕಡೆ, ಧ್ವನಿಮುದ್ರಣದ ಹಕ್ಕು ಇನ್ನೊಂದು ಕಡೆ ಇರುತ್ತವೆ. ಭಾರತದಲ್ಲಿ ಮೊದಲನೆಯವುಗಳ ರಾಯಧನವನ್ನು ಐಪಿಆರ್‌ಎಸ್ ಸಂಗ್ರಹಿಸುತ್ತದೆ. ಎರಡನೆಯದಕ್ಕೆ ಪಿಪಿಎಲ್ ಅನ್ನೋ ನೇರವಾಗಿ ಸಂಗೀತ ಕಂಪನಿಯನ್ನೋ ಕೇಳಬೇಕು. ಎಫ್‌ಎಂ ವಾಹಿನಿಗಳಿಗೆ ಈ ಅಲೆದಾಟವನ್ನು ಕಾನೂನು ತಗ್ಗಿಸಿದೆ. 2010ರಲ್ಲಿ ಕೃತಿಸ್ವಾಮ್ಯ ಮಂಡಳಿ ಅವುಗಳ ನಿವ್ವಳ ಜಾಹೀರಾತು ವರಮಾನದ ಶೇ. 2ರಷ್ಟನ್ನು ಧ್ವನಿಮುದ್ರಣದ ರಾಯಧನವೆಂದು ನಿಗದಿ ಮಾಡಿತು. 2012ರ ತಿದ್ದುಪಡಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿಸಿದ 31ಡಿ ಕಲಮಿನಂತೆ, ಮುಂಚಿತ ಸೂಚನೆ ಕೊಟ್ಟು ನಿಗದಿತ ದರ ತೆತ್ತರೆ ಪ್ರಕಟಿತ ಧ್ವನಿಮುದ್ರಣವನ್ನು ಒಡೆಯನ ಒಪ್ಪಿಗೆಗೆ ಕಾಯದೆ ಪ್ರಸಾರ ಮಾಡಬಹುದು.

ಇದೇ ಕಾಯ್ದೆಯ 52ನೇ ಕಲಂ, ಪ್ರಸಾರ ಸಂಸ್ಥೆ ತನ್ನ ಬಳಕೆಗೆಂದು ತಾತ್ಕಾಲಿಕ ಮುದ್ರಣ ಮಾಡಿಕೊಳ್ಳಲು ಬಿಡುತ್ತದೆ. ಅದನ್ನು ಸಂಗ್ರಹದಲ್ಲಿ ಉಳಿಸಿಕೊಳ್ಳಲು ಅಸಾಧಾರಣ ದಾಖಲೆ ಮೌಲ್ಯ ಇರಬೇಕು. ಬಿತ್ತರವಾದದ್ದು ಗಾಳಿಗೆ ಸೇರಿಹೋಗುತ್ತದೆ ಎಂಬ ಎಣಿಕೆಯ ಮೇಲೆ ಈ ಏರ್ಪಾಡು ನಿಂತಿದೆ. ಪಾಡ್‌ಕಾಸ್ಟ್ ಆದರೋ ಉಳಿಯುವುದಕ್ಕೆಂದೇ ಹುಟ್ಟಿದ್ದು.

3. ವಿಂಕ್ ತೀರ್ಪು ಮತ್ತು ಪಾಡ್‌ಕಾಸ್ಟ್

31ಡಿ ಅಂತರಜಾಲಕ್ಕೂ ಅನ್ವಯಿಸುತ್ತದೆಂದು ಕೇಂದ್ರ ಸರ್ಕಾರದ ಇಲಾಖೆಯೊಂದು 2016ರ ಜ್ಞಾಪನದಲ್ಲಿ ಹೇಳಿತ್ತು. ಸಂಗೀತ ಕಂಪನಿ ಟಿಪ್ಸ್ ಮತ್ತು ಆನ್‌ಲೈನಿನಲ್ಲಿ ಹಾಡು ಒದಗಿಸುತ್ತಿದ್ದ ವಿಂಕ್ ನಡುವಿನ ವ್ಯಾಜ್ಯದಲ್ಲಿ ಬಾಂಬೆ ಹೈಕೋರ್ಟ್ 2019ರಲ್ಲಿ ಅದನ್ನು ಒಪ್ಪಲಿಲ್ಲ. ಆ ಕಲಮಿನ ವ್ಯಾಪ್ತಿ ರೇಡಿಯೊ ಮತ್ತು ದೂರದರ್ಶನ ಪ್ರಸಾರಕ್ಕೆ ಸೀಮಿತ; ಹಾಡನ್ನು ಶಾಶ್ವತವಾಗಿ ಇಳಿಸಿಕೊಳ್ಳಲು ಕೊಡುವುದು ಮಾರಾಟ, ಚಂದಾ ಇರುವಷ್ಟು ಕಾಲ ಕೊಡುವುದು ವಾಣಿಜ್ಯ ಬಾಡಿಗೆ ಎಂದಿತು. 2022ರಲ್ಲಿ ವಿಭಾಗೀಯ ಪೀಠ ಈ ನಿಲುವನ್ನು ಎತ್ತಿಹಿಡಿಯಿತು.

ಉಚಿತ ಪಾಡ್‌ಕಾಸ್ಟ್ ಮಾರಾಟವೂ ಅಲ್ಲ, ಬಾಡಿಗೆಯೂ ಅಲ್ಲವೆಂದು ವಾಹಿನಿಯೊಂದು ವಾದಿಸಬಹುದು. ಆದರೆ 14ನೇ ಕಲಂ, 2012ರ ನಂತರ, ಧ್ವನಿಮುದ್ರಣವನ್ನು ವಿದ್ಯುನ್ಮಾನ ಮಾಧ್ಯಮದಲ್ಲಿ ಶೇಖರಿಸುವುದನ್ನೂ ಒಡೆಯನ ಹಕ್ಕಿಗೆ ಸೇರಿಸಿದೆ. ಸಂಚಿಕೆಯನ್ನು ಸರ್ವರ್‌ಗೆ ಏರಿಸಿದಾಗಲೇ ಆ ಹಕ್ಕಿನ ಪ್ರಶ್ನೆ ಏಳುತ್ತದೆ. ಬೆಳಿಗ್ಗೆ ಗಾಳಿಯಲ್ಲಿ ಸಕ್ರಮವಾಗಿದ್ದ ಹಾಡಿಗೆ ಸಂಜೆಯ ಪಾಡ್‌ಕಾಸ್ಟಿನಲ್ಲಿ ಒಬ್ಬೊಬ್ಬ ಒಡೆಯನ ಒಪ್ಪಿಗೆ ಬೇಕಾಗುತ್ತದೆ.

4. ಸ್ವಂತ ಮುದ್ರಣವಿದ್ದರೆ?

2005ರಲ್ಲಿ ಬಿಬಿಸಿ ರೇಡಿಯೊ 3, ಬಿಬಿಸಿ ಫಿಲ್ಹಾರ್ಮೋನಿಕ್ ನುಡಿಸಿದ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. ಕೃತಿಗೆ ಸ್ವಾಮ್ಯವಿರಲಿಲ್ಲ, ವಾದ್ಯವೃಂದ ಸಂಸ್ಥೆಯದೇ. ಹತ್ತು ಲಕ್ಷಕ್ಕೂ ಮೀರಿ ಪ್ರತಿಗಳು ಹೋದಾಗ ಧ್ವನಿಮುದ್ರಿಕೆ ಉದ್ಯಮ ತಕರಾರು ತೆಗೆಯಿತು. 2007ರಲ್ಲಿ ಬಿಬಿಸಿ ಟ್ರಸ್ಟ್ ಶಾಸ್ತ್ರೀಯ ಸಂಗೀತವನ್ನು ಇಂಥ ಡೌನ್‌ಲೋಡ್‌ಗಳಿಂದ ಹೊರಗಿಟ್ಟಿತು. ಹಕ್ಕಿನ ತೊಡಕು ನೀಗಿದಲ್ಲಿ ಮಾರುಕಟ್ಟೆಯ ತೊಡಕು ಎದುರಾಯಿತು.

ಕನ್ನಡದಲ್ಲಿ ಇದಕ್ಕೆ ಹತ್ತಿರವಾದದ್ದು ಆಕಾಶವಾಣಿ ಕೇಂದ್ರಗಳು ತಮ್ಮ ಸ್ಟುಡಿಯೊಗಳಲ್ಲೇ ಮುದ್ರಿಸಿದ ಭಾವಗೀತೆಗಳ ಭಂಡಾರ. ಮುದ್ರಣ ಕೇಂದ್ರದ್ದಾದರೂ ಕವಿತೆ ಕವಿಯದು. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಸ್ವಾಮ್ಯ ಉಳಿಯುವುದರಿಂದ, 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಕವಿತೆಗಳು ಮುಕ್ತವಾಗಿವೆ. ಬೇಂದ್ರೆಯವರವು 2041ರ ಕೊನೆಯವರೆಗೆ, ಕುವೆಂಪು ಅವರವು 2054ರ ಕೊನೆಯವರೆಗೆ ಹಾಗಲ್ಲ. ರಾಗ ಹಾಕಿದವರ ಸ್ವಾಮ್ಯವೂ ಹಾಡಿದವರ ಪ್ರದರ್ಶಕ ಹಕ್ಕೂ ಇದಕ್ಕೆ ಕೂಡಿಕೊಳ್ಳುತ್ತವೆ.

5. ಉಪಸಂಹಾರ

ಅಮೆರಿಕದ ವೆಬ್ ಪ್ರಸಾರದ ಶಾಸನಬದ್ಧ ಪರವಾನಗಿಯಲ್ಲಿ, ಸಂಗ್ರಹದಿಂದ ಒದಗಿಸುವ ಕಾರ್ಯಕ್ರಮ ಕನಿಷ್ಠ 5 ಗಂಟೆಯದಾಗಿರಬೇಕು, 2 ವಾರ ಮೀರಿ ಲಭ್ಯವಿರಕೂಡದು. ಪ್ರಸಾರಕರ ಪೂರಕ ಆನ್‌ಲೈನ್ ಸೇವೆಗೆ ಮೂಲ ದೇಶದ ಅನುಮತಿ ಸಾಕೆನ್ನುವ ಐರೋಪ್ಯ ಒಕ್ಕೂಟದ 2019ರ ನಿರ್ದೇಶನವೂ ಮರುಕೇಳಿಕೆಗೆ ಅವಧಿಯ ಮಿತಿ ಇಟ್ಟಿದೆ. ಎರಡೂ ಕಾನೂನುಗಳು ರೇಡಿಯೊವನ್ನು ಆನ್‌ಲೈನಿನಲ್ಲೂ ತಾತ್ಕಾಲಿಕವೆಂದೇ ಎಣಿಸಿವೆ.

31ಡಿಯನ್ನು ಎಲ್ಲ ಅಂತರಜಾಲ ಸೇವೆಗಳಿಗೂ ಚಾಚಿದರೆ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳಿಗೆ ಅಗ್ಗದ ಹಾಡು ಸಿಗುತ್ತದೆ, ಅದರ ಬೆಲೆಯನ್ನು ಕವಿ–ಸಂಯೋಜಕರು ತೆರುತ್ತಾರೆ. ನ್ಯಾಯಾಲಯದ ಎಚ್ಚರಿಕೆ ಆ ಮಟ್ಟಿಗೆ ಸರಿ. ಬೇಕಿರುವುದು ಕಿರಿದಾದ ಬಾಗಿಲು: ಒಮ್ಮೆ ಸಕ್ರಮವಾಗಿ ಪ್ರಸಾರವಾದ, ಮಾತೇ ಪ್ರಧಾನವಾದ ಕಾರ್ಯಕ್ರಮಗಳಿಗೆ ಐಪಿಆರ್‌ಎಸ್ ಮತ್ತು ಧ್ವನಿಮುದ್ರಣದ ಒಡೆಯರು ಕೂಡಿ ಕೊಡುವ, ಡೌನ್‌ಲೋಡ್‌ಗಳ ಎಣಿಕೆಯಂತೆ ದರ ನಿಗದಿಯಾಗುವ ಏಕಗವಾಕ್ಷಿ ಪರವಾನಗಿ. ಅದಿಲ್ಲದಿದ್ದರೆ ಸಂಯೋಜಕನ ಸಂದರ್ಶನ ಅವನ ರಾಗಗಳಿಲ್ಲದೆ ಉಳಿಯುತ್ತದೆ. ಮುಂದಿನ ಸಂಶೋಧಕನಿಗೆ ಅದು ಅರ್ಧ ಆಕರ ಮಾತ್ರ.