ಮಿದುಳಿನ ತರಂಗಗಳನ್ನು ಓದುವ ವೈದ್ಯವಿದ್ಯೆಯ ಚರಿತ್ರೆ

ಅಪಸ್ಮಾರವೆಂಬ ವ್ಯಾಧಿಯನ್ನು ಭರತಖಂಡದ ಪ್ರಾಚೀನ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಸ್ಮೃತಿಯು ಅಪಗತವಾಗುವುದರಿಂದಲೇ ಅದಕ್ಕೆ ಆ ಹೆಸರು. ಚರಕಸಂಹಿತೆಯು ದೋಷಭೇದದಿಂದ ಅದನ್ನು ನಾಲ್ಕು ವಿಧವಾಗಿ ವಿಂಗಡಿಸಿದೆ. ಆದರೆ ಈ ರೋಗದಲ್ಲಿ ಒಂದು ವೈಚಿತ್ರ್ಯವುಂಟು. ರೋಗಿಯು ವೈದ್ಯನ ಮುಂದೆ ಬಂದು ಕುಳಿತಾಗ ಬಹುಮಟ್ಟಿಗೆ ಸ್ವಸ್ಥನಾಗಿಯೇ ಕಾಣುವನು. ಕೈಕಾಲು ಸೆಟೆದುದನ್ನೂ ಬಾಯಲ್ಲಿ ನೊರೆ ಬಂದುದನ್ನೂ ಕಂಡವರು ಹೇಳಬೇಕಲ್ಲದೆ ಆತನಿಗೇ ತಿಳಿಯದು. ಹೀಗೆ ಪರರ ಮಾತನ್ನೇ ನಂಬಿ ನಿಂತಿದ್ದ ನಿರ್ಣಯಕ್ಕೆ ಮತ್ತೊಂದು ಪ್ರಮಾಣವು ದೊರೆತುದು ಈಚೆಗೆ. ಅದನ್ನು ಸಾಧಿಸುವ ವೈದ್ಯರಿಗೆ ಇಂದಿನ ಆಸ್ಪತ್ರೆಗಳಲ್ಲಿ ನರಶರೀರಕ್ರಿಯಾ ತಜ್ಞರೆಂದು ಹೆಸರು.

ನರಗಳಲ್ಲಿ ವಿದ್ಯುತ್ತಿನ ವ್ಯಾಪಾರವುಂಟೆಂಬುದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಿಳಿದಿತ್ತು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ನರದಲ್ಲಿ ಸಂದೇಶವು ಸಾಗುವ ವೇಗವನ್ನು ಅಳೆದನು. 1875ರಲ್ಲಿ ಲಿವರ್‌ಪೂಲಿನ ರಿಚರ್ಡ್ ಕ್ಯಾಟನ್ ಎಂಬ ವೈದ್ಯನು ಮೊಲ, ಮಂಗಗಳ ಮಿದುಳಿನಲ್ಲಿ ವಿದ್ಯುತ್ಪ್ರವಾಹವನ್ನು ಕಂಡು ಪ್ರಕಟಿಸಿದನು. ಮನುಷ್ಯನ ವಿಷಯದಲ್ಲಿ ಈ ಕಾರ್ಯವು ಯೇನಾ ನಗರದ ಹಾನ್ಸ್ ಬೆರ್ಗರನಿಗಾಗಿ ಕಾದಿತ್ತು.

1873ರಲ್ಲಿ ಹುಟ್ಟಿದ ಬೆರ್ಗರನು ಮೊದಲು ಖಗೋಳಶಾಸ್ತ್ರವನ್ನು ಓದಬೇಕೆಂದಿದ್ದವನು. ಸೈನ್ಯದಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಕುದುರೆಯ ಮೇಲಿಂದ ಉರುಳಿ, ಫಿರಂಗಿಯ ಬಂಡಿಯ ಚಕ್ರಕ್ಕೆ ಸಿಲುಕುವುದರಿಂದ ಕೂದಲೆಳೆಯಷ್ಟರಲ್ಲಿ ಉಳಿದನು. ಅದೇ ಸಂಜೆ ತಂದೆಯಿಂದ ಕ್ಷೇಮವನ್ನು ವಿಚಾರಿಸುವ ತಂತಿಯು ಬಂದಿತು. ಸಹೋದರನಿಗೆ ಏನೋ ಅಪಾಯವಾಗಿದೆಯೆಂದು ಮನೆಯಲ್ಲಿ ಸಹೋದರಿಯು ಹಟ ಹಿಡಿದಿದ್ದಳಂತೆ. ಇದು ಕಾಕತಾಳೀಯವೇ ಆಗಿರಬಹುದು. ಆದರೆ ಮನಸ್ಸಿನ ಶಕ್ತಿಯನ್ನು ಅಳೆಯಬಹುದೆಂಬ ಆಸೆಯು ಆತನಲ್ಲಿ ಅಂದೇ ಬೇರೂರಿತು. ವೈದ್ಯವಿದ್ಯೆಯನ್ನು ಕಲಿತು, ಯೇನಾದ ಚಿತ್ತರೋಗಾಲಯವನ್ನು ಸೇರಿ, 1919ರಲ್ಲಿ ಅದರ ಮುಖ್ಯಾಧಿಕಾರಿಯಾದನು. ಹಗಲೆಲ್ಲ ಆಸ್ಪತ್ರೆಯ ಕೆಲಸ. ಈ ಶೋಧನೆಯನ್ನು ಮಾತ್ರ ಯಾರಿಗೂ ಹೆಚ್ಚಾಗಿ ಹೇಳದೆ ನಡೆಸುತ್ತಿದ್ದನು.

1924ರ ಜುಲೈ ತಿಂಗಳಲ್ಲಿ, ಶಸ್ತ್ರಚಿಕಿತ್ಸೆಗಾಗಿ ತಲೆಬುರುಡೆಯ ಎಲುಬನ್ನು ತೆಗೆದಿದ್ದ 17 ವರ್ಷದ ಹುಡುಗನೊಬ್ಬನಲ್ಲಿ ಬೆರ್ಗರನ ಯಂತ್ರದ ತಂತಿಯು ಮೆಲ್ಲನೆ ಅಲುಗಿತು. ಮತ್ತೊಬ್ಬನಾದರೆ ಮರುದಿನವೇ ಡಂಗುರ ಹೊಡೆಯುತ್ತಿದ್ದನು. ಬೆರ್ಗರನು ಐದು ವರ್ಷ ಬಾಯಿ ಬಿಡಲಿಲ್ಲ. ಈ ಅಲುಗಾಟವು ಮಿದುಳಿನದೇ, ಇಲ್ಲವೆ ನಾಡಿಯ ಬಡಿತವೇ? ಕಣ್ಣಿನ ಚಲನೆಯೇ? ತಲೆಯ ಮಾಂಸಖಂಡಗಳ ಬಿಗಿತವೇ? ಒಂದೊಂದನ್ನೂ ಪರೀಕ್ಷಿಸಿ ತಳ್ಳಿಹಾಕಬೇಕಾಗಿತ್ತು. ತನ್ನ ಮಗ ಕ್ಲಾಸನ ತಲೆಗೂ ಲೋಹದ ಪಟ್ಟಿಗಳನ್ನು ಕಟ್ಟಿ ಅನೇಕ ಸಲ ರೇಖೆಗಳನ್ನು ತೆಗೆದನು. ಮಂಜನ್ನು ಹೊಗೆಯೆಂದು ಭ್ರಮಿಸಿದವನು ಬೆಂಕಿಯಿಲ್ಲದ ಕಡೆ ಬೆಂಕಿಯನ್ನು ಊಹಿಸುವನೆಂದು ತರ್ಕಶಾಸ್ತ್ರವು ಎಚ್ಚರಿಸುವುದಷ್ಟೆ. ಬೆರ್ಗರನ ಐದು ವರ್ಷಗಳೂ ಮಂಜನ್ನು ಹೊಗೆಯಿಂದ ಬೇರ್ಪಡಿಸುವುದರಲ್ಲಿಯೇ ಕಳೆದುವು. 1929ರಲ್ಲಿ ಮೊದಲ ಲೇಖನವು ಹೊರಬಂದಿತು. ಕಣ್ಣು ಮುಚ್ಚಿ ಸುಮ್ಮನಿರುವಾಗ ಸೆಕೆಂಡಿಗೆ ಸುಮಾರು 10 ಅಲೆಗಳು ಏಳುವುವೆಂದೂ, ಕಣ್ಣು ತೆರೆದೊಡನೆ ಅವು ಅಡಗುವುವೆಂದೂ ಆತನು ತೋರಿಸಿದನು. ಇವೇ ಆಲ್ಫಾ ತರಂಗಗಳು.

ವಿದ್ವಾಂಸರು ಇದನ್ನು ಕೂಡಲೇ ನಂಬಲಿಲ್ಲ. 1934ರಲ್ಲಿ ಕೇಂಬ್ರಿಡ್ಜಿನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬವರು ಅದೇ ಪ್ರಯೋಗವನ್ನು ಮಾಡಿ ನಿಜವೆಂದು ಸಾರಿದ ಮೇಲೆಯೇ ಲೋಕವು ತಿರುಗಿ ನೋಡಿತು. ಮರುವರ್ಷ ಬಾಸ್ಟನ್ನಿನಲ್ಲಿ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬವರು, ಕ್ಷಣಕಾಲ ಎಚ್ಚರ ತಪ್ಪುವ ಮಕ್ಕಳಲ್ಲಿ ಸೆಕೆಂಡಿಗೆ 3ರಂತೆ ಮೊನೆಯೂ ಅಲೆಯೂ ಕೂಡಿ ಬರುವ ರೇಖೆಯನ್ನು ಕಂಡರು. ಪಾಠದ ನಡುವೆ ಶೂನ್ಯದೃಷ್ಟಿಯಿಂದ ನಿಂತುಬಿಡುವ ಮಗುವು ಸೋಮಾರಿಯಲ್ಲ, ರೋಗಿಯೆಂಬುದಕ್ಕೆ ಕಾಗದದ ಮೇಲೆ ಸಾಕ್ಷಿ ದೊರೆಯಿತು. 1936ರಲ್ಲಿ ಇಂಗ್ಲೆಂಡಿನ ಗ್ರೇ ವಾಲ್ಟರನು ಮಿದುಳಿನ ಗಡ್ಡೆಯ ಬಳಿ ಮಂದವಾದ ಅಲೆಗಳೇಳುವುದನ್ನು ತೋರಿಸಿದನು.

ಬೆರ್ಗರನ ಕಡೆಯ ವರ್ಷಗಳ ವೃತ್ತಾಂತವು ಕಹಿಯಾದುದು. ಅದನ್ನು ಮುಚ್ಚಿಡುವುದು ಚರಿತ್ರಕಾರನಿಗೆ ಸಲ್ಲದು. 1933ರಲ್ಲಿ ಜರ್ಮನಿಯ ನಾಜಿ ಸರಕಾರವು ಕೆಲವು ರೋಗಗಳನ್ನು ಆನುವಂಶಿಕವೆಂದು ಹೆಸರಿಸಿ, ಅಂಥವರನ್ನು ಬಲಾತ್ಕಾರದಿಂದ ಸಂತಾನಹೀನರನ್ನಾಗಿ ಮಾಡುವ ಶಾಸನವನ್ನು ತಂದಿತು. ಅಪಸ್ಮಾರವೂ ಆ ಪಟ್ಟಿಯಲ್ಲಿತ್ತು. ಅದಕ್ಕಾಗಿ ಏರ್ಪಟ್ಟ ನ್ಯಾಯಸ್ಥಾನದಲ್ಲಿ ಬೆರ್ಗರನೂ ಸದಸ್ಯನಾಗಿ ಕುಳಿತನು. ಅಪಸ್ಮಾರವನ್ನು ಅರಿಯುವ ಕಣ್ಣನ್ನು ಲೋಕಕ್ಕೆ ಕೊಟ್ಟವನೇ ಇಂಥ ಪೀಠದಲ್ಲಿ ಕುಳಿತುದು ಪ್ರಜ್ಞೆಗೆ ವಿವೇಕವು ಒಡನಾಡಿಯಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಸಾಕ್ಷಿ. 1941ರ ಜೂನ್ 1ರಂದು ಆತನು ತಾನೇ ಪ್ರಾಣವನ್ನು ಕಳೆದುಕೊಂಡನು.

ಎರಡನೆಯ ಮಹಾಯುದ್ಧದ ತರುವಾಯ ಈ ವಿದ್ಯೆಯು ಶೀಘ್ರವಾಗಿ ಬೆಳೆಯಿತು. ತಲೆಯನ್ನು ಅಳೆದು ಯಾವ ಬಿಲ್ಲೆಯನ್ನು ಎಲ್ಲಿ ಅಂಟಿಸಬೇಕೆಂಬ ಸರ್ವಸಮ್ಮತ ಕ್ರಮವನ್ನು ಮಾಂಟ್ರಿಯಲಿನ ಜಾಸ್ಪರನು 1958ರಲ್ಲಿ ಪ್ರಕಟಿಸಿದನು. ಇಂದು ಈ ತಜ್ಞನ ಕೆಲಸವು ಮಿದುಳಿಗೆ ಮಾತ್ರ ಸೀಮಿತವಲ್ಲ. ಮರಗಟ್ಟಿದ ಕೈಯ ನರದಲ್ಲಿ ಸಂದೇಶವು ಎಲ್ಲಿ ತಡೆಯುತ್ತಿದೆಯೆಂದು ಅಳೆಯುವನು. ಸ್ನಾಯುವಿನೊಳಗೆ ಸೂಜಿಯಿಟ್ಟು ದೌರ್ಬಲ್ಯದ ಮೂಲವನ್ನು ಹುಡುಕುವನು. ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಲ್ಲಿ ಕಾವಲಿರುವನು. ಮೈ ಅಲುಗದೆ ಪ್ರಜ್ಞೆತಪ್ಪಿ ಮಲಗಿರುವವನ ಮಿದುಳಿನಲ್ಲಿ ಗುಪ್ತವಾಗಿ ನಡೆಯುತ್ತಿರುವ ಅಪಸ್ಮಾರವನ್ನು ಕಂಡುಹಿಡಿಯುವನು. ಆದರೂ ನಿತ್ಯದ ಕಷ್ಟವು ಬೆರ್ಗರನ ಹಳೆಯ ಕಷ್ಟವೇ. ನೆತ್ತಿಯ ಮೇಲೆ ಸಿಕ್ಕುವ ವಿದ್ಯುತ್ತು ವೋಲ್ಟಿನ ಹತ್ತುಲಕ್ಷದ ಭಾಗಗಳಲ್ಲಿ ಎಣಿಸುವಷ್ಟು ಅಲ್ಪ. ರೋಗಿಯು ಹಲ್ಲು ಕಚ್ಚಿದರೂ ರೆಪ್ಪೆ ಬಡಿದರೂ ರೇಖೆಯು ಕೆಡುವುದು. ನಿದ್ರೆಗೆ ಜಾರುವವನ ಸಹಜವಾದ ಅಲೆಯನ್ನು ಅವಸರದವನು ರೋಗವೆಂದು ಬರೆದರೆ, ಆ ಬರಹವು ರೋಗವಿಲ್ಲದವನನ್ನು ವರ್ಷಗಟ್ಟಲೆ ಹಿಂಬಾಲಿಸುವುದು. ಭಾರತದಲ್ಲಿ 1976ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯಿದೆಯೇ ಮರುಕಳಿಸುವ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದಿತು. 1999ರಲ್ಲಿ ಆ ಮಾತನ್ನು ತೆಗೆದುಹಾಕಿದರೂ ಮನೆಗಳ ಭಯವು ಶಾಸನದೊಡನೆ ಹೋಗಲಿಲ್ಲ.

ಕನ್ನಡನಾಡಿಗೂ ಈ ಚರಿತ್ರೆಯಲ್ಲಿ ಒಂದು ಸ್ಥಾನವುಂಟು. ತಲೆಯ ಮೇಲೆ ಬಿಸಿನೀರು ಬಿದ್ದಾಗಲೇ ಬರುವ ಅಪಸ್ಮಾರವು ಬೇರೆ ದೇಶಗಳಲ್ಲಿ ಅಪರೂಪವಾದರೂ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವುದು. ಹಂಡೆಯ ಬಿಸಿನೀರನ್ನು ತಂಬಿಗೆಯಿಂದ ಮೇಲಿಂದ ಮೇಲೆ ಸುರಿದುಕೊಳ್ಳುವ ಸ್ನಾನಕ್ಕೂ ಇದಕ್ಕೂ ಸಂಬಂಧವಿದೆ. ಬೆಂಗಳೂರಿನ ಡಾಕ್ಟರ್ ಕೆ. ಎಸ್. ಮಣಿಯವರು 1972ರಲ್ಲಿ ಇಂಥ 60 ಮಂದಿಯ ಲಕ್ಷಣಗಳನ್ನೂ ಮಿದುಳಿನ ರೇಖೆಗಳನ್ನೂ ವಿವರಿಸಿದರು; 1988ರಲ್ಲಿ ಡಾಕ್ಟರ್ ಸತೀಶ್‌ಚಂದ್ರ ಮತ್ತು ಸಂಗಡಿಗರು 279 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಇವರಲ್ಲಿ ಬಹುಮಂದಿಗೆ ರೋಗ ಬಾರದ ವೇಳೆಯಲ್ಲಿ ತೆಗೆದ ರೇಖೆಯು ನಿರ್ದುಷ್ಟವಾಗಿಯೇ ಇರುವುದು. ಯಂತ್ರವು ಮೌನವಾಗಿರುವ ಇಂಥ ಎಡೆಯಲ್ಲಿ ತಜ್ಞನು ಕಾಗದವನ್ನು ಬದಿಗಿಟ್ಟು, ನೀರು ಎಷ್ಟು ಬಿಸಿಯಾಗಿತ್ತು, ಎಷ್ಟನೆಯ ತಂಬಿಗೆಗೆ ಮಗುವು ಮಾತು ನಿಲ್ಲಿಸಿತು ಎಂದು ತಾಯಿಯನ್ನೇ ಕೇಳಿ ಬರೆದುಕೊಳ್ಳುವನು.