ಬಾಯಾರುವ ಪೊರೆ

ಇವತ್ತು ನಾನು ಹೇಳೋದು ಕಾಗದದಷ್ಟು ತೆಳ್ಳಗಿನ ಒಂದು ಪ್ಲಾಸ್ಟಿಕ್ ಪೊರೆಯ ಚರಿತ್ರೆ.

ಫ್ಯೂಯೆಲ್ ಸೆಲ್ ಅಂದ್ರೆ ಏನು? ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಆಮ್ಲಜನಕ, ನಡುವೆ ಎಲೆಕ್ಟ್ರೋಲೈಟ್. ಅದು ಪ್ರೋಟಾನ್‌ಗಳಿಗೆ ಮಾತ್ರ ದಾರಿ ಬಿಡುತ್ತೆ. ಎಲೆಕ್ಟ್ರಾನ್‌ಗಳು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತಾಟವೇ ನಮ್ಮ ಕರೆಂಟು. ಕೊನೆಗೆ ಹೊರಬರೋದು ನೀರು.

1842ರಲ್ಲಿ ವಿಲಿಯಂ ಗ್ರೋವ್ ಕಟ್ಟಿದ 'ಗ್ಯಾಸ್ ಬ್ಯಾಟರಿ'ಯಲ್ಲಿ ಎಲೆಕ್ಟ್ರೋಲೈಟ್ ಆಗಿದ್ದದ್ದು ಗಂಧಕಾಮ್ಲ. ಚೆಲ್ಲಿದ್ರೆ ಕಥೆ ಮುಗೀತು. 1955ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಥಾಮಸ್ ಗ್ರಬ್ ಆ ದ್ರವದ ಜಾಗಕ್ಕೆ ಪ್ಲಾಸ್ಟಿಕ್ ಪೊರೆ ತಂದರು. ಹತ್ತೇ ವರ್ಷ, 1965ರ ಆಗಸ್ಟ್‌ನಲ್ಲಿ ಜೆಮಿನಿ 5 ನೌಕೆ ಇದೇ ಬಗೆಯ ಸೆಲ್‌ಗಳ ಕರೆಂಟಿನಲ್ಲಿ ಸುಮಾರು ಎಂಟು ದಿನ ಭೂಮಿಯನ್ನು ಸುತ್ತಿತು.

ಆದರೆ ಆ ಪಾಲಿಸ್ಟೈರೀನ್ ಪೊರೆ ಬೇಗ ಸವೆಯುತ್ತಿತ್ತು. ಅದರ ಚೂರುಪಾರು ಸೇರಿ, ಸೆಲ್‌ನಿಂದ ಬಂದ ನೀರು ಕುಡಿಯೋಕೇ ಆಗ್ತಿರಲಿಲ್ಲ. ಚಂದ್ರನಿಗೆ ಹೋದ ಅಪೊಲೊ ಈ ಪೊರೆಯನ್ನು ಬಿಟ್ಟು, ಕ್ಷಾರದ ಸೆಲ್‌ಗಳನ್ನು ನಂಬಿತು.

ಪೊರೆಯನ್ನು ಉಳಿಸಿದ್ದು ಡುಪಾಂಟ್ ಕಂಪನಿಯ ನಾಫಿಯಾನ್. ನಮ್ಮ ನಾನ್‌ಸ್ಟಿಕ್ ತವಾದ ಟೆಫ್ಲಾನ್‌ಗೆ ಇದು ಹತ್ತಿರದ ನೆಂಟ, ಗಟ್ಟಿ ಪಿಂಡ. ಆದರೆ ಇದಕ್ಕೂ ಒಂದು ದೌರ್ಬಲ್ಯ. ಒಳಗೆ ತೇವ ಇದ್ದರಷ್ಟೇ ಪ್ರೋಟಾನ್ ಓಡುತ್ತೆ. 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪೊರೆ ಒಣಗುತ್ತೆ. ತಣ್ಣಗೇ ಇಡೋಣ ಅಂದ್ರೆ, ಹೈಡ್ರೋಜನ್ ಜೊತೆ ಬರುವ ಚೂರೇ ಚೂರು ಕಾರ್ಬನ್ ಮಾನಾಕ್ಸೈಡ್ ಪ್ಲಾಟಿನಂಗೆ ಅಂಟಿಕೊಂಡು ಕೆಲಸ ಕೆಡಿಸುತ್ತೆ.

ಇಲ್ಲಿ ಬಂತು ನ್ಯಾನೊಕಾಂಪೊಸಿಟ್. ಮರಳಿನಲ್ಲಿರೋ ಸಿಲಿಕಾವನ್ನೇ ನ್ಯಾನೊಮೀಟರ್ ಗಾತ್ರದ ಕಣಗಳಾಗಿ ಪೊರೆಯೊಳಗೆ ಬೆರೆಸೋದು. ಅವು ನೀರನ್ನು ಹಿಡಿದಿಡುತ್ತವೆ. 1990ರ ದಶಕದಲ್ಲಿ ಜಪಾನಿನ ಮಸಾಹಿರೊ ವತಾನಬೆ ತಂಡ ಪ್ಲಾಟಿನಂ ಕಣಗಳನ್ನೂ ಸೇರಿಸಿತು. ಪೊರೆಯೊಳಗೆ ನುಸುಳುವ ಹೈಡ್ರೋಜನ್, ಆಮ್ಲಜನಕ ಅಲ್ಲೇ ಕೂಡಿ ನೀರಾಗುತ್ತವೆ. ಅಂದ್ರೆ, ಪೊರೆ ತನ್ನ ಬಾಯಾರಿಕೆಯನ್ನು ತಾನೇ ತೀರಿಸಿಕೊಳ್ಳುತ್ತೆ! ಹಾಗಂತ ಕಣ ಜಾಸ್ತಿ ಹಾಕೋ ಹಾಗಿಲ್ಲ. ಗಂಟು ಕಟ್ಟಿದರೆ ಪ್ರೋಟಾನ್‌ಗೆ ದಾರಿ ಬಂದ್, ಪೊರೆಯೂ ಪೆಡಸು.

2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ಜೊತೆ ಹೋದ ಪೋಯೆಮ್-3ರಲ್ಲಿ ನಮ್ಮ ಇಸ್ರೊ ಕೂಡ 100 ವ್ಯಾಟ್ ಶ್ರೇಣಿಯ ಪಾಲಿಮರ್ ಪೊರೆಯ ಸೆಲ್ ಪರೀಕ್ಷಿಸಿತು. ಮುಂದೆ ಮನುಷ್ಯರು ಹೋಗುವ ನೌಕೆಗಳಲ್ಲಿ ಕರೆಂಟಿನ ಜೊತೆ ಕುಡಿಯುವ ನೀರನ್ನೂ ಇಂಥ ಸೆಲ್‌ನಿಂದಲೇ ಪಡೆಯಬೇಕು ಅನ್ನೋದು ಆಸೆ. ಜೆಮಿನಿಯ ಪೊರೆ ಕೊಡಲಾಗದೇ ಹೋದದ್ದು ಅದನ್ನೇ.

ಹಾಗಾಗಿ, ಹೈಡ್ರೋಜನ್ ಬಸ್ಸಿನ ಸುದ್ದಿ ಬಂದಾಗ ನಾನು ಮೊದಲು ಹುಡುಕೋದು ಎಂಜಿನ್ ಪವರ್ ಅಲ್ಲ. ಒಳಗಿರೋ ಪೊರೆ ಎಷ್ಟು ಬಿಸಿ ತಡೆಯುತ್ತೆ, ಎಷ್ಟು ವರ್ಷ ಬಾಳುತ್ತೆ? ನೀವೂ ಕೇಳಿ ನೋಡಿ. ಮುಂದಿನ ವಾರ ಸಿಗೋಣ.