ಮರಳಿ ಬಂದ ವಿದ್ಯಾರ್ಥಿಗಳು: ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯ ಒಂದು ಎಳೆ

ವಿಶ್ವವಿದ್ಯಾನಿಲಯದ ಚರಿತ್ರೆಯೆಂದರೆ ಕಾಯಿದೆ, ಕಟ್ಟಡ, ಉಪಕುಲಪತಿಗಳ ಪಟ್ಟಿ ಎಂಬುದು ರೂಢಿ. ಮೈಸೂರು ವಿಶ್ವವಿದ್ಯಾನಿಲಯದ ಮಟ್ಟಿಗೆ ಈ ಪಟ್ಟಿಯೂ ಘನವಾದದ್ದೇ: 1916ರ ಜುಲೈ 27ರ ಸ್ಥಾಪನೆ, ಕುಲಾಧಿಪತಿ ನಾಲ್ವಡಿ ಕೃಷ್ಣರಾಜ ಒಡೆಯರು, ಮೊದಲ ಉಪಕುಲಪತಿ ಎಚ್.ವಿ. ನಂಜುಂಡಯ್ಯ, ಆಗಿನ ದಿವಾನರು ವಿಶ್ವೇಶ್ವರಯ್ಯ. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ ಭಾರತದಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಇದು. ಆದರೆ ಅದು ಕನ್ನಡದ ವಿದ್ಯಾಕೇಂದ್ರವಾದ ಬಗೆಯನ್ನು ಈ ಪಟ್ಟಿ ಹೇಳುವುದಿಲ್ಲ. ಅದಕ್ಕೆ ಸಂಘ, ಪತ್ರಿಕೆ, ಗುರುಶಿಷ್ಯರ ಒಡನಾಟಗಳನ್ನು ನೋಡಬೇಕು.

1916ಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳು ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪರೀಕ್ಷೆ ಮೈಸೂರಿಗೆ ಬಂದರೂ ಪಾಠ ಇಂಗ್ಲಿಷಿನಲ್ಲೇ ನಡೆಯಿತು. ಕನ್ನಡ ಮೊದಲು ಚಿಗುರಿದ್ದು ತರಗತಿಯ ಆಚೆ. ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಹೊರಡಿಸಿತು. ಕನ್ನಡ ಎಂ.ಎ. ಶುರುವಾದದ್ದು 1927ರಲ್ಲಿ. ಸಂಘದ ಪತ್ರಿಕೆಗೂ ಪದವಿಗೂ ನಡುವೆ ಎಂಟು ವರ್ಷ! ಆ ಪತ್ರಿಕೆಯನ್ನು ವಿಶ್ವವಿದ್ಯಾನಿಲಯ ವಹಿಸಿಕೊಂಡದ್ದು ಇನ್ನೂ ಆಮೇಲೆ.

ಗುರುಶಿಷ್ಯರ ನಂಟಿಗೆ ಒಂದು ದೃಶ್ಯ ಸಾಕು. 1918ರಿಂದ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಎಸ್. ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ಹೂವಿನಿಂದ ಸಿಂಗರಿಸಿದ ಗಾಡಿಯನ್ನು ಕುದುರೆಗಳ ಬದಲು ವಿದ್ಯಾರ್ಥಿಗಳೇ ರೈಲು ನಿಲ್ದಾಣದವರೆಗೆ ಎಳೆದರು.

ಹಳೆಯ ವಿದ್ಯಾರ್ಥಿಗಳ ಸಾಧನೆಯನ್ನು ಪ್ರಶಸ್ತಿಗಳಿಂದ ಅಳೆಯಲು ಹೊರಟರೆ ಆರ್.ಕೆ. ನಾರಾಯಣ್, ಯು.ಆರ್. ಅನಂತಮೂರ್ತಿ, ಸಿ.ಎನ್.ಆರ್. ರಾವ್ ಎಂದು ಹೆಸರುಗಳು ಬೆಳೆಯುತ್ತವೆ. ಪಡೆದ ವಿದ್ಯೆ ಎಲ್ಲಿಗೆ ಮರಳಿತು ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನವರೆಗೆ ಹೋಗಿ, 1948ರಲ್ಲಿ ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡದ್ದು ಮೈಸೂರು ಸೀಮೆಯದೇ ಒಂದು ಹಳ್ಳಿಯನ್ನು. ಬರಹದಲ್ಲಿ ಅದಕ್ಕೆ ‘ರಾಮಪುರ’ ಎಂದು ಹೆಸರಿಟ್ಟರು. ಜಿ.ಎಸ್. ಶಿವರುದ್ರಪ್ಪ ಇಲ್ಲಿ ಕಲಿತದ್ದನ್ನು ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಕ್ಕೆ ಒಯ್ದರು.

ಈ ಮರಳುವಿಕೆಯ ಪೂರ್ಣ ಉದಾಹರಣೆ ಕುವೆಂಪು. ಮೊದಲ ಕನ್ನಡ ಎಂ.ಎ. ತಂಡದ ವಿದ್ಯಾರ್ಥಿಯಾಗಿ ಟಿ.ಎಸ್. ವೆಂಕಣ್ಣಯ್ಯನವರ ಮುಂದೆ ಕುಳಿತವರು 1929ರಲ್ಲಿ ಮಹಾರಾಜ ಕಾಲೇಜಿನ ಅಧ್ಯಾಪಕರಾದರು, 1955ರಲ್ಲಿ ಪ್ರಿನ್ಸಿಪಾಲರು, 1956ರಲ್ಲಿ ಉಪಕುಲಪತಿ. ಈ ಹುದ್ದೆಗೇರಿದ ಮೊದಲ ಹಳೆಯ ವಿದ್ಯಾರ್ಥಿ ಅವರೇ. ಕನ್ನಡ ಮಾಧ್ಯಮದ ಪರ ನಿಂತು, ಪಠ್ಯಗಳನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಅಧಿಕಾರದ ಬಲ ಕೊಟ್ಟರು. ಸಂಘದ ಹಂಬಲ ಹೀಗೆ ಆಡಳಿತದ ಕಡತ ಸೇರಿತು.

1960ರಲ್ಲಿ ಕುಕ್ಕರಹಳ್ಳಿ ಕೆರೆಯ ಪಕ್ಕ ಸ್ನಾತಕೋತ್ತರ ಆವರಣ ತಲೆಯೆತ್ತಿತು. ಅದೇ ಕೆರೆಯ ಸುತ್ತ ನಡೆದಾಡಿ ಕವಿತೆ ಕಟ್ಟಿದ್ದ ಹಳೆಯ ವಿದ್ಯಾರ್ಥಿ ಅದಕ್ಕೆ ಹೆಸರಿಟ್ಟರು: ಮಾನಸಗಂಗೋತ್ರಿ.